ಸಣ್ಣ ಗೆಣಸಿಗೂ ಅಡುಗೆಮನೆಯಲ್ಲಿ ಬೆಲೆ

ಬೆಳಗಾವಿ ಕಡೆ ಗೆಣಸು ಕಿತ್ತಾಗ ದಪ್ಪನೆಯದು ಪೇಟೆಗೆ, ಸಣ್ಣದು ಮನೆಗೆ. ಅದನ್ನು ಬರೀ ನೀರಿನಲ್ಲಿ ಕುದಿಸಿ ತಿಂದು ಬೇಸತ್ತಿರಾ? ಸಿಪ್ಪೆ ಸಹಿತ ತೊಳೆದು ಹಬೆಯಲ್ಲಿ ಬೇಯಿಸಿರಿ. ಸತ್ವ ನೀರುಪಾಲಾಗುವುದು ಕಡಿಮೆ. ಬೆಂದ ಗೆಣಸಿನ ನಾರು ತೆಗೆದು, ನುಣ್ಣಗೆ ಅರೆದು, ಬೆಲ್ಲ, ಏಲಕ್ಕಿ ಸೇರಿಸಿ ಗಟ್ಟಿಯಾಗುವವರೆಗೆ ಕಾಸಿದರೆ ಹೋಳಿಗೆಗೆ ಒಳ್ಳೆಯ ಹೂರಣ. ಬೆಲ್ಲ ಕೈಹಿಡಿದು ಹಾಕಿರಿ, ಗೆಣಸೇ ಸಿಹಿ! ಬೆಲ್ಲವಿಲ್ಲದ ಮುದ್ದೆಗೆ ಜೋಳದ ಹಿಟ್ಟು, ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪು ಕಲಸಿ ಥಾಲಿಪೆಟ್ಟು ತಟ್ಟಬಹುದು. ಎಳೆಯ ಕುಡಿಗಳಿಂದ ಪಲ್ಯವಾಗುತ್ತದೆ. ಮಕ್ಕಳಿಗೆ ಕಿತ್ತಳೆ ಬಣ್ಣದ ತಿರುಳಿನ ಗೆಣಸು ಮೇಲು. ಕಣ್ಣಿಗೆ ಬೇಕಾದ ‘ಎ’ ಜೀವಸತ್ವ ಅದರಲ್ಲಿ ಹೆಚ್ಚು.

ಒಂದು ಎಚ್ಚರಿಕೆ: ಹುಳು ಕೊರೆದು ಕಹಿಯಾದ, ಬೂಷ್ಟು ಹಿಡಿದ ಗೆಣಸಿನ ವಿಷ ಬೇಯಿಸಿದರೂ ಹೋಗದು. ಅದನ್ನು ದನಗಳಿಗೂ ಹಾಕಬೇಡಿರಿ. ಶ್ವಾಸಕೋಶ ಕೆಟ್ಟು, ಉಸಿರಾಡಲಾಗದೆ ಸಾಯಬಹುದು. ಆಳವಾಗಿ ಹುಗಿದುಬಿಡಿರಿ.