ಬಾಣಂತಿಯ ಮನಸ್ಸನ್ನು ವಿಚಾರಿಸುವವರು ಯಾರು?

ನಮ್ಮ ಮನೆಗಳಲ್ಲಿ ಬಾಣಂತನವೆಂಬುದು ಒಂದು ಶಾಸ್ತ್ರವೇ ಸರಿ. ಎಣ್ಣೆನೀರು, ಸಾಂಬ್ರಾಣಿ ಹೊಗೆ, ಅಂಟಿನುಂಡೆ, ಕಿವಿಗೆ ಹತ್ತಿ, ಪಥ್ಯದ ಊಟ, ಹೀಗೆ ಎಲ್ಲಕ್ಕೂ ಕಟ್ಟುನಿಟ್ಟಾದ ಕ್ರಮವಿದೆ. ಆದರೆ ಇವೆಲ್ಲವೂ ಮುಖ್ಯವಾಗಿ ದೇಹದ ಆರೈಕೆ. ಬಾಣಂತಿಯ ಮನಸ್ಸು ಕದಡಿದಾಗ ನಮ್ಮ ಬಾಯಿಗೆ ಬರುವ ಮಾತುಗಳು ಎರಡೇ: ವಿಪರೀತವಾದರೆ ‘ಸನ್ನಿ’, ಇಲ್ಲವಾದರೆ ‘ಬೇಜವಾಬ್ದಾರಿ’. ಇವೆರಡರ ನಡುವೆ ಲಕ್ಷಾಂತರ ತಾಯಂದಿರು ಮೌನವಾಗಿ ನರಳುತ್ತಿದ್ದಾರೆ.

‘ಬೇಜವಾಬ್ದಾರಿ’ ಎಂಬ ಹಣೆಪಟ್ಟಿಗೆ ಸುಲಭವಾಗಿ ಗುರಿಯಾಗುವವರು ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಹಾಗೂ ಅತಿಚಟುವಟಿಕೆಯ ತೊಂದರೆ ಇರುವ ಮಹಿಳೆಯರು. ಇದು ಗಂಡುಹುಡುಗರ ತುಂಟತನಕ್ಕೆ ಸಂಬಂಧಿಸಿದ್ದೆಂಬ ಭಾವನೆ ನಮ್ಮಲ್ಲಿದೆ. ಹೆಣ್ಣುಮಕ್ಕಳಲ್ಲಿ ಅದು ಅನೇಕ ವೇಳೆ ಚಂಚಲತೆಗಿಂತ ಮರೆವು, ಅನ್ಯಮನಸ್ಕತೆ, ಕೆಲಸ ಮುಂದೂಡುವಿಕೆಯ ರೂಪದಲ್ಲಿ ಇರುತ್ತದೆ. ತರಗತಿಯಲ್ಲಿ ಗಲಾಟೆ ಮಾಡದ ಬಾಲಕಿಯನ್ನು ಯಾರೂ ವೈದ್ಯರ ಬಳಿ ಒಯ್ಯುವುದಿಲ್ಲ. ಆಕೆ ಪಟ್ಟಿ ಬರೆದು, ಗಡಿಯಾರ ನೋಡಿ, ಇತರರಿಗಿಂತ ಇಮ್ಮಡಿ ಶ್ರಮಪಟ್ಟು ಓದು ಮುಗಿಸುತ್ತಾಳೆ, ಉದ್ಯೋಗವನ್ನೂ ಹಿಡಿಯುತ್ತಾಳೆ.

ಮಗು ಹುಟ್ಟಿದೊಡನೆ ಈ ಊರುಗೋಲುಗಳೆಲ್ಲ ಕೈತಪ್ಪುತ್ತವೆ. ನಿದ್ರೆ ತುಂಡುತುಂಡಾಗುತ್ತದೆ, ದಿನಚರಿ ಅಸ್ತವ್ಯಸ್ತಗೊಳ್ಳುತ್ತದೆ. ಹೆರಿಗೆಯ ಬಳಿಕ ಕೆಲವೇ ದಿನಗಳಲ್ಲಿ ಈಸ್ಟ್ರೋಜೆನ್ ಹಾರ್ಮೋನಿನ ಪ್ರಮಾಣ ತೀವ್ರವಾಗಿ ಕುಸಿಯುತ್ತದೆ. ಗಮನಶಕ್ತಿಗೆ ಅಗತ್ಯವಾದ ಡೋಪಮಿನ್ ವ್ಯವಸ್ಥೆಯೊಡನೆ ಈ ಹಾರ್ಮೋನಿಗೆ ನಂಟಿದೆ. ಸ್ವೀಡನ್ನಿನ ಸುಮಾರು 7.7 ಲಕ್ಷ ತಾಯಂದಿರ ದಾಖಲೆಗಳನ್ನು ಆಧರಿಸಿ 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಎಡಿಎಚ್‌ಡಿ ಇದ್ದವರ ಪೈಕಿ ಹೆಚ್ಚುಕಡಿಮೆ ಶೇ 17ರಷ್ಟು ಮಂದಿಯಲ್ಲಿ ಹೆರಿಗೆಯ ನಂತರ ಖಿನ್ನತೆ ಪತ್ತೆಯಾಗಿತ್ತು. ಇಲ್ಲದವರಲ್ಲಿ ಈ ಪ್ರಮಾಣ ಶೇ 3ರ ಆಸುಪಾಸು.

ಎಡಿಎಚ್‌ಡಿ ಇಲ್ಲದವರ ಸ್ಥಿತಿಯೂ ನಮ್ಮಲ್ಲಿ ನೆಮ್ಮದಿ ತರುವಂತಿಲ್ಲ. ಭಾರತದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆಯು ಸರಿಸುಮಾರು ಶೇ 22ರಷ್ಟು ತಾಯಂದಿರು ಪ್ರಸವೋತ್ತರ ಖಿನ್ನತೆಗೆ ಒಳಗಾಗುತ್ತಾರೆಂದು ಅಂದಾಜಿಸಿತು. ಐವರಲ್ಲಿ ಒಬ್ಬರನ್ನು ಬಾಧಿಸುವ ತೊಂದರೆಯನ್ನು ‘ಅವಳ ಸ್ವಭಾವವೇ ಹಾಗೆ’ ಎಂದು ತಳ್ಳಿಹಾಕಲಾಗದು.

ಆಡಳಿತದಲ್ಲಿ ದುಡಿದವರೆಲ್ಲರೂ ಬಲ್ಲ ಸಂಗತಿಯೊಂದಿದೆ: ನಮೂನೆಯಲ್ಲಿ ಕಾಲಂ ಇಲ್ಲದ ಕಷ್ಟ ಸರ್ಕಾರದ ಕಣ್ಣಿಗೆ ಬೀಳುವುದಿಲ್ಲ. ಕರ್ನಾಟಕದಲ್ಲಿ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿರುವುದಾಗಿ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು ಹೇಳಿದೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಬಳಿಕ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನಗಳಂದು ಮನೆಗೆ ಭೇಟಿ ಕೊಡಬೇಕೆಂಬ ನಿಯಮವಿದೆ. ಮಗುವಿನ ತೂಕ, ಮೈಬಿಸಿ, ಎದೆಹಾಲು, ತಾಯಿಯ ರಕ್ತಸ್ರಾವ, ಜ್ವರ ಈ ಭೇಟಿಗಳ ಮುಖ್ಯ ಕಾಳಜಿ. ಇದರೊಡನೆ ಮನಸ್ಸಿನ ಸ್ಥಿತಿಯನ್ನೂ ಕ್ರಮಬದ್ಧವಾಗಿ ಕೇಳಿ ದಾಖಲಿಸಲು ಹೊಸ ಹುದ್ದೆ, ಹೊಸ ಕಟ್ಟಡ ಬೇಕಿಲ್ಲ. 1987ರಲ್ಲಿ ರೂಪುಗೊಂಡ ಎಡಿನ್‌ಬರೊ ಪ್ರಶ್ನಾವಳಿಯಲ್ಲಿ ಇರುವುದು ಹತ್ತೇ ಪ್ರಶ್ನೆಗಳು. ಕನ್ನಡದಲ್ಲೂ ಅದು ಬಳಕೆಯಾಗಿದೆ. ಅದು ಎಡಿಎಚ್‌ಡಿಯನ್ನು ಪತ್ತೆಮಾಡದು, ನಿಜ. ಆದರೆ ಮರೆವು, ಗಲಿಬಿಲಿ ಬಾಲ್ಯದಿಂದಲೂ ಇದ್ದವೇ ಎಂಬ ಒಂದು ಪ್ರಶ್ನೆಯನ್ನು ಸೇರಿಸಿದರೆ ಯಾರನ್ನು ಮನೋವೈದ್ಯರ ಬಳಿ ಕಳುಹಿಸಬೇಕೆಂಬುದು ತಿಳಿಯುತ್ತದೆ. ಆಶಾ ಕಾರ್ಯಕರ್ತೆಯರಿಗೆ ತರಬೇತಿಯನ್ನೂ ಈ ಕೆಲಸಕ್ಕೆ ತಕ್ಕ ಗೌರವಧನವನ್ನೂ ಕೊಡಬೇಕು.

ಇನ್ನು ಔಷಧಿಯ ವಿಚಾರ. ಬಸಿರೆಂದು ತಿಳಿದ ಕೂಡಲೇ ಮನೆಮಂದಿಯ ಒತ್ತಾಯಕ್ಕೆ ಮಣಿದು ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸುವುದು ಸರಿಯಲ್ಲ. ಮಾತ್ರೆ ಸೇವಿಸುವುದರಿಂದ ಆಗಬಹುದಾದ ಅಪಾಯದಂತೆಯೇ ಕಾಯಿಲೆಯನ್ನು ಹಾಗೆಯೇ ಬಿಡುವುದರಿಂದಾಗುವ ಅಪಾಯವೂ ಇದೆ. ಅವೆರಡನ್ನೂ ತೂಗಿ ನೋಡಿ ಹೇಳಬೇಕಾದವರು ಪ್ರಸೂತಿ ತಜ್ಞರು ಮತ್ತು ಮನೋವೈದ್ಯರು.

ಚಿಕಿತ್ಸೆಗಾಗಿ ತಾಯಿ-ಮಗುವನ್ನು ಅಗಲಿಸಬೇಕೆಂಬ ಭಯ ಅನೇಕ ಕುಟುಂಬಗಳಲ್ಲಿದೆ. ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರ್ಪಡಿಸುವಂತಿಲ್ಲವೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಬೆಂಗಳೂರಿನ ನಿಮ್ಹಾನ್ಸ್ 2009ರಲ್ಲೇ ತಾಯಿ-ಮಗು ಜೊತೆಗಿರುವ ಪ್ರತ್ಯೇಕ ಘಟಕವನ್ನು ತೆರೆಯಿತು. ಆದರೆ ರಾಯಚೂರಿನ ಅಥವಾ ಚಾಮರಾಜನಗರದ ಬಡ ಬಾಣಂತಿ ಹಸುಗೂಸನ್ನು ಎತ್ತಿಕೊಂಡು ಅಲ್ಲಿಗೆ ಬರಬೇಕೆನ್ನುವುದು ನ್ಯಾಯವಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿ ಇಂತಹ ಎರಡು ಹಾಸಿಗೆಗಳನ್ನಾದರೂ ಮೀಸಲಿಡದಿದ್ದರೆ ಕಾಯ್ದೆಯ ಮಾತು ಕಾಗದದ ಮೇಲೆಯೇ ಉಳಿಯುತ್ತದೆ.

ಸರ್ಕಾರ ಮಾಡುವವರೆಗೆ ಕಾಯಬೇಕಾಗಿಲ್ಲದ ಕೆಲಸಗಳೂ ಇವೆ. ರಾತ್ರಿಯ ಒಂದು ಸರದಿಯಲ್ಲಿ ಮಗುವನ್ನು ಗಂಡ ನೋಡಿಕೊಂಡರೆ ಬಾಣಂತಿಗೆ ನಾಲ್ಕು ಗಂಟೆಯ ಅಖಂಡ ನಿದ್ರೆ ಸಿಗುತ್ತದೆ. ಲಸಿಕೆಯ ದಿನಾಂಕ, ಔಷಧಿಯ ಹೊತ್ತನ್ನು ನೆನಪಿಡುವ ಹೊಣೆಯನ್ನು ಅತ್ತೆ ಅಥವಾ ತಾಯಿ ವಹಿಸಿಕೊಳ್ಳಬಹುದು. ಸಾಯುವ ಮಾತು, ಮಗುವಿಗೆ ಕೇಡು ಮಾಡುವ ಯೋಚನೆ, ವಿಚಿತ್ರ ಅನುಮಾನಗಳು ಕಂಡುಬಂದರೆ ಆಕೆಯನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. 2022ರಲ್ಲಿ ಆರಂಭವಾದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆಮಾಡಬಹುದು. ಮಗುವನ್ನು ನೋಡಲು ಬಂದವರು ಅದರ ತೂಕವೆಷ್ಟೆಂದು ಕೇಳುವ ಮುನ್ನ, ರಾತ್ರಿ ನಿದ್ರೆ ಬಂತೇ ಎಂದು ತಾಯಿಯನ್ನು ವಿಚಾರಿಸುವುದು ಒಳಿತು.