ಹಳ್ಳಿಯಲ್ಲಿ ಮನೆ ಕಟ್ಟಲು ಅಪ್ಪಣೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಹೇಳಿದ ಹಿರಿಯರು ಕಲ್ಲು, ಗಾರೆ, ಕೂಲಿಗಳ ತೊಂದರೆಯನ್ನು ಚೆನ್ನಾಗಿ ಬಲ್ಲವರಾಗಿದ್ದರು. ಅರ್ಜಿಯ ತೊಂದರೆಯನ್ನು ಕಂಡವರಂತೆ ತೋರುವುದಿಲ್ಲ. ಪಟ್ಟಣದಲ್ಲಿ ಮನೆ ಕಟ್ಟುವವನು ನಕ್ಷೆಯನ್ನು ಹಿಡಿದು ನಗರಸಭೆಯ ಬಾಗಿಲಿಗೆ ಹೋಗಬೇಕೆಂಬುದನ್ನು ನಾವೆಲ್ಲರೂ ಒಪ್ಪುತ್ತೇವೆ. ಹಳ್ಳಿಯ ಮಾತು ಬಂದರೆ ಮಾತ್ರ, ನಮ್ಮ ನೆಲ, ನಮ್ಮ ಹಣ, ನಡುವೆ ಸರ್ಕಾರದವರಿಗೇನು ಕೆಲಸ ಎಂದು ಕೇಳುತ್ತೇವೆ. ಉದ್ಯೋಗದಿಂದ ನಿವೃತ್ತರಾಗಿ, ಊರ ಹೊರಗೆ ನಾಲ್ಕು ತೆಂಗಿನ ಮರ, ಒಂದು ಬಾವಿ, ಒಂದು ಪುಟ್ಟ ಮನೆ ಎಂದು ಬಹುಕಾಲದಿಂದ ಹಂಬಲಿಸಿದವರು ತಮ್ಮ ಗಂಟನ್ನೆಲ್ಲ ಬಿಚ್ಚುವುದು ಈ ಭಾವನೆಯಿಂದಲೇ. ಆದುದರಿಂದ ಈ ಅಪ್ಪಣೆಯೆಂಬುದು ಏನು, ಅದನ್ನು ಕೊಡತಕ್ಕವರು ಯಾರು ಎಂಬುದನ್ನು ಸ್ವಲ್ಪ ವಿವರವಾಗಿ ನೋಡುವುದು ಅನುಚಿತವಾಗಲಾರದು.

ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿಯಿಲ್ಲದೆ ಯಾರೂ ಕಟ್ಟಡವನ್ನು ಕಟ್ಟಕೂಡದು, ಇರುವುದನ್ನು ಮಾರ್ಪಡಿಸಕೂಡದು ಎಂದು ೧೯೯೩ರ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮದ ೬೪ನೆಯ ಪ್ರಕರಣವು ವಿಧಿಸಿತು. ಮಾತು ಇಷ್ಟೇ ಆಗಿದ್ದರೆ ನಮ್ಮ ವಿವರಣೆಯೂ ಇಲ್ಲಿಗೇ ಮುಗಿಯುತ್ತಿದ್ದಿತು. ಆದರೆ ಪಂಚಾಯಿತಿಯ ಕಛೇರಿಗೆ ಹೋದವನಿಗೆ ಆಶ್ಚರ್ಯವೊಂದು ಕಾದಿರುತ್ತದೆ. ಅವನು ಮನೆಯ ನಕ್ಷೆಯನ್ನು ಮುಂದಿಡುತ್ತಾನೆ. ಅವರು ನೆಲದ ಜಾತಕವನ್ನು ಕೇಳುತ್ತಾರೆ. ಅಡುಗೆಮನೆ ಯಾವ ಮೂಲೆಯಲ್ಲಿದೆ ಎಂಬುದು ಅಲ್ಲಿಯ ಮೊದಲ ಪ್ರಶ್ನೆಯೇ ಅಲ್ಲ. ಈ ಮಣ್ಣು ಮನೆ ಹೊರುವ ಮಣ್ಣೋ, ಬೆಳೆ ಹೊರುವ ಮಣ್ಣೋ ಎಂಬುದೇ ಮೊದಲ ಪ್ರಶ್ನೆ.

ಇದರ ಬೇರು ಹಳೆಯ ಸರ್ವೆಯಲ್ಲಿದೆ. ಮೈಸೂರು ಸೀಮೆಯ ಹಳ್ಳಿಗಳನ್ನು ಅಳೆದವರ ಸರಪಣಿ ೩೩ ಅಡಿಯದು. ಆ ಸರಪಣಿಯ ಒಂದು ಚೌಕವೇ ಗುಂಟೆ, ಎಂದರೆ ೧೦೮೯ ಚದರಡಿ. ೪೦ ಗುಂಟೆಗೆ ಒಂದು ಎಕರೆ. ಪಟ್ಟಣದವರು ಬಾಯಿಪಾಠ ಮಾಡಿರುವ ೩೦-೪೦ರ ನಿವೇಶನವು ೧೨೦೦ ಚದರಡಿಯಾದುದರಿಂದ ಗುಂಟೆಗಿಂತ ಕೊಂಚ ಮಾತ್ರ ಹಿರಿದು. ಅಳೆದವರು ಹೊಲಗದ್ದೆಗಳಿಗೆಲ್ಲ ನಂಬರು ಕೊಟ್ಟು ಕಂದಾಯ ಕಟ್ಟಿದರು. ಜನ ವಾಸವಾಗಿದ್ದ ಭಾಗವನ್ನು ಮಾತ್ರ ಒಂದೇ ಗೆರೆಯಿಂದ ಸುತ್ತುವರಿದು ಗ್ರಾಮಠಾಣಾ ಎಂದು ಬಿಟ್ಟರು. ಆ ಗೆರೆಯೊಳಗೆ ಯಾರ ಜಗುಲಿ ಎಲ್ಲಿಗೆ ಮುಗಿಯಿತು ಎಂಬುದನ್ನು ಅವರು ಬರೆಯಲಿಲ್ಲ. ಅಲ್ಲಿ ಅನುಭವವೇ ಹಕ್ಕು, ಚೆಕ್ಕುಬಂದಿಯೇ ನಕ್ಷೆ. ನೆರೆಯವನ ಗೋಡೆಯೇ ಎಲ್ಲೆಕಲ್ಲು. ಈ ಕೊರತೆಯನ್ನು ತುಂಬುವುದಕ್ಕಾಗಿ ಕೇಂದ್ರ ಸರ್ಕಾರದವರು ೨೦೨೦ರಲ್ಲಿ ಸ್ವಾಮಿತ್ವ ಎಂಬ ಯೋಜನೆಯನ್ನು ತಂದು, ಡ್ರೋನುಗಳನ್ನು ಹಾರಿಸಿ, ಊರೊಳಗಿನ ಮನೆಗಳನ್ನು ಅಳೆಸಲು ತೊಡಗಿದರು. ಹೊಲವನ್ನು ಅಳೆದು ಒಂದೂವರೆ ಶತಮಾನವೇ ಕಳೆದ ಮೇಲೆ ಮನೆಯ ಸರದಿ ಬಂದಿತು.

ಗೆರೆಯೊಳಗಿನ ಜಾಗದಲ್ಲಿ ಮನೆ ಕಟ್ಟುವುದು ಇದ್ದುದರಲ್ಲಿ ಸುಲಭ. ಗೆರೆ ದಾಟಿದರೆ ಕಂದಾಯ ಇಲಾಖೆಯ ರಾಜ್ಯ. ಬೇಸಾಯದ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಬೇಕಾದರೆ ಜಿಲ್ಲಾಧಿಕಾರಿಗಳ ಅನುಮತಿ ಬೇಕೆಂದು ೧೯೬೪ರ ಕರ್ನಾಟಕ ಭೂ ಕಂದಾಯ ಅಧಿನಿಯಮದ ೯೫ನೆಯ ಪ್ರಕರಣವು ಹೇಳುತ್ತದೆ. ಇದಕ್ಕೇ ಭೂಪರಿವರ್ತನೆ ಎಂದು ಹೆಸರು. ಸಾಗುವಳಿಯ ಅನುಕೂಲಕ್ಕಾಗಿ ರೈತನು ತನ್ನ ಹೊಲದಲ್ಲಿ ಕಟ್ಟಿಕೊಳ್ಳುವ ತೋಟದ ಮನೆಗೆ ಅದೇ ಪ್ರಕರಣವು ಅವಕಾಶ ಕೊಟ್ಟಿದೆ. ಭಾನುವಾರದ ವಿಶ್ರಾಂತಿಗೆಂದು ಕಟ್ಟುವ ಬಂಗಲೆಗೆ ಅಂಚಿನಲ್ಲಿ ನಾಲ್ಕು ಬಾಳೆ ನೆಟ್ಟ ಮಾತ್ರಕ್ಕೆ ಆ ರಿಯಾಯಿತಿ ಅನ್ವಯಿಸದು. ೨೦೨೦ರಲ್ಲಿ ಭೂಸುಧಾರಣಾ ಶಾಸನವನ್ನು ತಿದ್ದಿ, ರೈತರಲ್ಲದವರೂ ಸಾಗುವಳಿಯ ಜಮೀನನ್ನು ಕೊಳ್ಳಬಹುದೆಂದು ಮಾಡಿದ ಮೇಲೆ ಪಟ್ಟಣಿಗರಲ್ಲಿ ಭ್ರಮೆಯೊಂದು ಬೆಳೆದಿದೆ. ಕೊಳ್ಳುವ ಹಕ್ಕು ಬಂದಿತೇ ಹೊರತು ಅದರ ಬೆನ್ನಿಗೇ ಕಟ್ಟುವ ಹಕ್ಕು ಬರಲಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಜನರನ್ನು ಮುಳುಗಿಸುವುದು ರೆವಿನ್ಯೂ ನಿವೇಶನವೆಂಬ ಮಾಯೆ. ಒಬ್ಬನು ಎರಡೆಕರೆ ಹೊಲವನ್ನು ಕೊಂಡು, ಪರಿವರ್ತನೆಯ ಗೊಡವೆಗೆ ಹೋಗದೆ, ಸುಣ್ಣದಲ್ಲಿ ಗೆರೆ ಎಳೆದು, ಮೂಲೆಮೂಲೆಗೆ ಕಲ್ಲು ನೆಟ್ಟು, ತುಂಡು ತುಂಡಾಗಿ ಮಾರುತ್ತಾನೆ. ಕೊಳ್ಳುವವನು ಕೇಳುವ ಪ್ರಶ್ನೆ ಒಂದೇ: ರಿಜಿಸ್ಟರು ಆಗುತ್ತದೆಯೇ? ಆಗುತ್ತದೆ ಎಂದರೆ ಅವನಿಗೆ ಸಮಾಧಾನ. ವಿದ್ಯಾವಂತರೂ ಇಲ್ಲಿ ಎಡವುತ್ತಾರೆ. ವಿದ್ಯಾವಂತರೇ ಹೆಚ್ಚಾಗಿ ಎಡವುತ್ತಾರೆಂದು ಹೇಳಬೇಕೆನಿಸುತ್ತದೆ, ಏಕೆಂದರೆ ಮೊಹರು ಬಿದ್ದ ಕಾಗದದಲ್ಲಿ ಅವರಿಗೆ ಭಕ್ತಿ ಅಧಿಕ. ೧೯೦೮ರ ನೋಂದಣಿ ಅಧಿನಿಯಮವು ದಸ್ತಾವೇಜನ್ನು ದಾಖಲು ಮಾಡುವ ಶಾಸನ. ಇಂಥವರು ಇಂಥವರಿಗೆ ಇಂಥ ಪತ್ರವನ್ನು ಬರೆದುಕೊಟ್ಟರು ಎಂಬುದಕ್ಕೆ ಅದು ಸಾಕ್ಷಿ. ಬರೆದುಕೊಟ್ಟವನಿಗೆ ಹಕ್ಕಿತ್ತು ಎಂಬುದಕ್ಕಾಗಲಿ, ಹೊಲವು ನಿವೇಶನವಾಯಿತು ಎಂಬುದಕ್ಕಾಗಲಿ ಅದು ಸಾಕ್ಷಿಯಲ್ಲ. ಕ್ರಯಪತ್ರವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಮನೆಯ ಸಾಲಕ್ಕೆ ಬ್ಯಾಂಕಿಗೆ ಹೋದ ದಿನ ಈ ಸತ್ಯವು ಗೊತ್ತಾಗುತ್ತದೆ. ಅಷ್ಟರಲ್ಲಿ ಮಾರಿದವನು ಮುಂದಿನ ಊರಿನಲ್ಲಿ ಸುಣ್ಣ ಎಳೆಯುತ್ತಿರುತ್ತಾನೆ.

ಬ್ಯಾಂಕಿನವರು ಕೇಳುವ ಕಾಗದಗಳ ಹೆಸರು ನಮೂನೆ ೯ ಮತ್ತು ನಮೂನೆ ೧೧. ಇ-ಸ್ವತ್ತು ಎಂಬ ಗಣಕವ್ಯವಸ್ಥೆಯಿಂದ ಪಂಚಾಯಿತಿಯವರು ಇವನ್ನು ಕೊಡುತ್ತಾರೆ. ಮೊದಲನೆಯದು ಸ್ವತ್ತಿನ ಪಟ್ಟಿಯ ನಕಲು, ಎರಡನೆಯದು ತೆರಿಗೆಯ ಲೆಕ್ಕದ ನಕಲು. ಕ್ರಮಬದ್ಧವಲ್ಲದ ಸ್ವತ್ತುಗಳಿಗಾಗಿ ೧೧ಬಿ ಎಂಬ ಬೇರೊಂದು ನಮೂನೆಯೂ ಹುಟ್ಟಿಕೊಂಡಿತು. ಬಿ ಎಂಬ ಒಂದಕ್ಷರಕ್ಕಾಗಿ ಮನೆಯ ಬೆಲೆ ಇಳಿದುದನ್ನು, ಸಾಲ ನಿಂತುದನ್ನು ಕಂಡವರು ಅನೇಕರಿದ್ದಾರೆ. ತೆರಿಗೆಯ ರಸೀತಿಯನ್ನು ತೋರಿಸಿ ವಾದಿಸುವುದು ವ್ಯರ್ಥ. ರಸೀತಿಯು ತೆರಿಗೆ ಕೊಟ್ಟುದನ್ನು ಹೇಳುತ್ತದೆ, ಅಷ್ಟೇ.

ಕರಾವಳಿಯಲ್ಲಿ ಈ ಕಥೆ ಬೇರೊಂದು ತಿರುವನ್ನು ಪಡೆಯುತ್ತದೆ. ೧೯೫೬ರವರೆಗೆ ಮದರಾಸಿಗೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ ಲೆಕ್ಕವು ಸೆಂಟ್ಸಿನದು, ಎಕರೆಗೆ ೧೦೦ ಸೆಂಟ್ಸು. ಊರೆಂದರೆ ಅಲ್ಲಿ ಮನೆಗೆ ಮನೆ ತಗುಲಿದ ಬೀದಿಯಲ್ಲ. ಗದ್ದೆಯ ಬದಿಗೊಂದು, ಗುಡ್ಡದ ಮಗ್ಗುಲಿಗೊಂದು, ಅಡಕೆ ತೋಟದ ನಡುವೆಯೊಂದು ಮನೆ. ಹೀಗಿರಲು, ಬಯಲುಸೀಮೆಯ ಗ್ರಾಮಠಾಣದ ಕಲ್ಪನೆಯು ಅಲ್ಲಿ ಹೊಂದಿಕೊಳ್ಳುವುದಾದರೂ ಹೇಗೆ? ತಂದೆಯ ಜಮೀನಿನಲ್ಲಿ ಮಗನು ಐದು ಸೆಂಟ್ಸಿನಲ್ಲಿ ಮನೆ ಕಟ್ಟಬೇಕಾದರೂ ಪರಿವರ್ತನೆ, ಆಮೇಲೆ ಒಂಟಿ ನಿವೇಶನದ ವಿನ್ಯಾಸಕ್ಕೆ ಅನುಮೋದನೆ, ಆಮೇಲೆ ಆ ಎರಡು ನಮೂನೆ. ಜನರು ಇದಕ್ಕೆ ನೈನ್ ಇಲೆವೆನ್ ಎಂದೇ ಹೆಸರಿಟ್ಟಿದ್ದಾರೆ. ಸೈಟು ಹಾಕಿ ಮಾರುವವನನ್ನು ಹಿಡಿಯಲು ಹೆಣೆದ ಬಲೆಯಲ್ಲಿ ಸ್ವಂತ ನೆಲದ ಬಡವನು ಮೊದಲು ಸಿಕ್ಕಿಬೀಳುವುದು ನ್ಯಾಯವೆಂದು ನಮಗೆ ತೋರುವುದಿಲ್ಲ. ಆದರೆ ನಿಯಮವೇ ಬೇಡವೆನ್ನುವವರು ಕೆರೆಯಂಗಳದಲ್ಲಿ ಎದ್ದ ಬಡಾವಣೆಗಳನ್ನು ಮಳೆಗಾಲದಲ್ಲಿ ಹೋಗಿ ನೋಡಬೇಕು.

ನೆಲದ ಪ್ರಶ್ನೆ ತೀರಿದ ಮೇಲೆ ಮನೆಯ ಪ್ರಶ್ನೆ ಬಹಳ ಚಿಕ್ಕದು. ಅರ್ಜಿ, ಹಕ್ಕಿನ ಪತ್ರ, ನಮೂನೆಗಳು, ನಕ್ಷೆ, ಬಾಕಿಯಿಲ್ಲದ ತೆರಿಗೆ, ಗೊತ್ತಾದ ಶುಲ್ಕ. ಇಲ್ಲಿ ೬೪ನೆಯ ಪ್ರಕರಣದ ಎರಡನೆಯ ಉಪಪ್ರಕರಣವನ್ನು ಅರ್ಜಿದಾರನು ತಿಳಿದಿರಬೇಕು. ಅರ್ಜಿ ತಲುಪಿದ ೬೦ ದಿನಗಳೊಳಗೆ ಪಂಚಾಯಿತಿಯವರು ತಮ್ಮ ತೀರ್ಮಾನವನ್ನು ತಿಳಿಸದಿದ್ದರೆ ಅನುಮತಿ ಕೊಟ್ಟಂತೆಯೇ ಭಾವಿಸತಕ್ಕದ್ದೆಂದು ಶಾಸನಕರ್ತರು ಬರೆದರು. ಮೌನವು ಸಮ್ಮತಿ ಎಂಬ ಮಾತು ಕಾನೂನಿನ ರೂಪವನ್ನು ತಾಳುವುದು ಅಪರೂಪ. ಆದರೆ ಮೌನವನ್ನು ಎಣಿಸಲು ಒಂದು ತಾರೀಖು ಬೇಕಷ್ಟೆ. ಅರ್ಜಿಯನ್ನು ಕೈಯಲ್ಲಿ ಕೊಟ್ಟು, 'ನೋಡೋಣ ಸ್ವಾಮಿ, ಬನ್ನಿ' ಎಂಬ ಉತ್ತರವನ್ನು ಪಡೆದು ಬಂದವನ ೬೦ ದಿನ ಎಂದಿಗೂ ಆರಂಭವಾಗುವುದಿಲ್ಲ. ದಿನಾಂಕವುಳ್ಳ ಸ್ವೀಕೃತಿಯನ್ನು ಕೇಳಿ ಪಡೆಯಬೇಕು. ಕೆರೆಯ ಜಾಗದಲ್ಲಿಯೋ ಪರಿವರ್ತನೆಯಾಗದ ಹೊಲದಲ್ಲಿಯೋ ಕಟ್ಟುವವನಿಗೆ ಈ ಮೌನವು ರಕ್ಷಣೆಯನ್ನು ಕೊಡದೆಂಬುದನ್ನೂ ಅದೇ ವಾಕ್ಯವು ಮುಂದುವರಿದು ಸೂಚಿಸುತ್ತದೆ: ಕಟ್ಟುವ ಕೆಲಸವು ಅಧಿನಿಯಮಕ್ಕೂ ನಿಯಮಗಳಿಗೂ ವಿರುದ್ಧವಾಗಿರಕೂಡದು.

ಮುಂಗಡ ಕೊಡುವ ಮೊದಲು ಒಂದೆರಡು ದಿನಗಳನ್ನು ತಾಲ್ಲೂಕು ಕಛೇರಿಯಲ್ಲಿ ಕಳೆಯುವುದು ಮೇಲು. ಈ ವರ್ಷದ ಪಹಣಿಯೊಂದನ್ನೇ ನೋಡಿದರೆ ಸಾಲದು, ಹಿಂದಿನ ಪಹಣಿಗಳನ್ನೂ ಮ್ಯುಟೇಷನ್ ದಾಖಲೆಗಳನ್ನೂ ತೆಗೆಸಬೇಕು. ಆ ಜಮೀನು ಪರಿಶಿಷ್ಟ ಜಾತಿ ಪಂಗಡಗಳವರಿಗೆ ಸರ್ಕಾರದಿಂದ ಮಂಜೂರಾದದ್ದಾಗಿದ್ದರೆ, ಸರ್ಕಾರದ ಪೂರ್ವಾನುಮತಿಯಿಲ್ಲದ ಮಾರಾಟವನ್ನು ೧೯೭೮ರ ಶಾಸನವು ರದ್ದುಗೊಳಿಸುತ್ತದೆ. ನಡುವೆ ಎಷ್ಟು ಕೈ ಬದಲಾಗಿದ್ದರೂ ಕೊನೆಯ ಕೊಳ್ಳುವವನಿಗೆ ಅದರ ಬಿಸಿ ತಟ್ಟುತ್ತದೆ. ಸರ್ವೆ ವಿಭಾಗದಲ್ಲಿ ಗ್ರಾಮನಕ್ಷೆಯ ನಕಲು ದೊರೆಯುತ್ತದೆ. ಅದರಲ್ಲಿ ಗ್ರಾಮಠಾಣದ ಗೆರೆ, ಕೆರೆ, ಹಳ್ಳ, ಬಂಡಿದಾರಿ ಎಲ್ಲವೂ ಕಾಣುತ್ತವೆ. ಅದನ್ನು ಕೈಯಲ್ಲಿ ಹಿಡಿದು, ಮಾರುವವನನ್ನು ಬಿಟ್ಟು, ಊರಿನ ಮುದುಕರೊಬ್ಬರನ್ನು ಜೊತೆಗೆ ಕರೆದುಕೊಂಡು ಆ ನೆಲದ ಸುತ್ತ ಒಮ್ಮೆ ನಡೆದು ಬರಬೇಕು. ಹಳ್ಳ ಎಲ್ಲಿ ಹರಿಯುತ್ತಿತ್ತು ಎಂಬುದನ್ನು ಅವರು ಕೋಲಿನಿಂದ ತೋರಿಸುತ್ತಾರೆ.