ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಟ್ರೆಡ್‌ಮಿಲ್‌ಗೆ

ಹೃದಯಾಘಾತವಾದವನು ಮಗ್ಗುಲು ಬದಲಿಸಬೇಕಾದರೂ ನರ್ಸ್ ಬರಬೇಕಿತ್ತು. ತುತ್ತು ಬಾಯಿಗಿಡುವುದು, ಗಡ್ಡ ಹೆರೆಯುವುದು ಎಲ್ಲ ಬೇರೆಯವರ ಕೈಯಲ್ಲೇ. ಶೌಚಕ್ಕೂ ಮಲಗಿದಲ್ಲೇ ಬೆಡ್‌ಪ್ಯಾನ್. ಅದರ ಮೇಲೆ ತಿಣುಕುವುದು ಹೃದಯಕ್ಕೆ ಎಷ್ಟು ಭಾರವೆಂದು ಯೋಚಿಸಿದವರು ಕಡಿಮೆ. 1940ರ ದಶಕದ ಅಮೆರಿಕದ ಆಸ್ಪತ್ರೆಗಳಲ್ಲಿ ವಾರಗಟ್ಟಲೆ ಹೀಗೇ.

ಈ ಕಟ್ಟುನಿಟ್ಟಿನ ವಿಶ್ರಾಂತಿಯನ್ನು ಮೂಢನಂಬಿಕೆ ಎಂದು ತಳ್ಳಿಹಾಕುವಂತಿಲ್ಲ. ಸತ್ತ ಹೃದಯಸ್ನಾಯು ಗಟ್ಟಿ ಕಲೆಯಾಗಿ ಮಾಯಲು ವಾರಗಳೇ ಬೇಕೆಂದು 1939ರ ಅಧ್ಯಯನವೊಂದು ಶವಪರೀಕ್ಷೆಗಳ ಆಧಾರದಲ್ಲಿ ತೋರಿಸಿತ್ತು. ಅಲ್ಲಿಯವರೆಗೆ ಅಲುಗಾಡಿದರೆ ಹೃದಯದ ಗೋಡೆ ಬಿರಿದೀತೆಂಬ ಭಯ. ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ 18ನೇ ಶತಮಾನದಲ್ಲೇ, ದಿನಾ ಅರ್ಧ ಗಂಟೆ ಗರಗಸ ಹಿಡಿದು ಮರ ಕೊಯ್ದು ಎದೆನೋವಿನಿಂದ ಬಹುಪಾಲು ಗುಣವಾದ ರೋಗಿಯೊಬ್ಬನ ಬಗ್ಗೆ ಬರೆದಿಟ್ಟಿದ್ದರು. ಯಾರೂ ಅದನ್ನು ಮನಸ್ಸಿಗೆ ಹಾಕಿಕೊಂಡಿರಲಿಲ್ಲ.

ಬಾಸ್ಟನ್ನಿನ ಹೃದ್ರೋಗ ತಜ್ಞ ಸ್ಯಾಮ್ಯುಯೆಲ್ ಲೆವಿನ್ ಅವರ ತರ್ಕ ಬೇರೆಯಿತ್ತು. ಅಂಗಾತ ಮಲಗಿದರೆ ಕಾಲಿನ ರಕ್ತವೂ ಎದೆಗೆ ನುಗ್ಗಿ ಹೃದಯದ ದುಡಿಮೆ ಹೆಚ್ಚುತ್ತದೆ. ಕಾಲು ಇಳಿಬಿಟ್ಟು ಕೂತರೆ ಹಗುರ. ಮೇಲಾಗಿ, ಮಲಗಿಯೇ ಇದ್ದವರ ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಪ್ರಾಣ ತೆಗೆಯುತ್ತಿತ್ತು. ರೋಗಿಗಳನ್ನು ಕುರ್ಚಿಯಲ್ಲಿ ಕೂರಿಸುವ ಕೆಲಸ ಲೆವಿನ್ ಅವರ ಕಿರಿಯ ಸಹೋದ್ಯೋಗಿ ಬರ್ನಾರ್ಡ್ ಲೌನ್ ಪಾಲಿಗೆ ಬಂತು. ಒಂದು ಬೆಳಿಗ್ಗೆ ಲೌನ್ ವಾರ್ಡಿಗೆ ಬಂದರೆ, ಕಿರಿಯ ವೈದ್ಯರು ಸಾಲಾಗಿ ನಿಂತು ಕೈ ಚಾಚಿ ‘ಹೈಲ್ ಹಿಟ್ಲರ್’ ಎಂದರಂತೆ. ರೋಗಿಗಳ ಮೇಲೆ ನಾತ್ಸಿ ಪ್ರಯೋಗ ನಡೆಸುತ್ತಿದ್ದಾನೆ ಎಂಬ ಕುಹಕ. ಲೌನ್ ಯಹೂದಿ ಎಂಬುದು ನೆನಪಾದರೆ ಅದರ ಕ್ರೌರ್ಯ ತಿಳಿಯುತ್ತದೆ. 1952ರಲ್ಲಿ 81 ರೋಗಿಗಳ ವರದಿ ಪ್ರಕಟವಾಯಿತು. ಕುರ್ಚಿಯಿಂದ ಕೆಡುಕಾಗಿರಲಿಲ್ಲ, ರೋಗಿಗಳ ಮುಖದಲ್ಲಿ ಗೆಲುವು ಬಂದಿತ್ತು.

ಮರುವರ್ಷ ಸಂಶೋಧಕ ಜೆರ್ರಿ ಮಾರಿಸ್ ಲಂಡನ್ನಿನ ಡಬಲ್‌ಡೆಕರ್ ಬಸ್ಸುಗಳ ಲೆಕ್ಕ ಒಪ್ಪಿಸಿದರು. ಕೂತೇ ಇರುವ ಡ್ರೈವರ್‌ಗಿಂತ, ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರ್‌ಗೆ ಹೃದಯದ ಕಾಯಿಲೆ ಕಡಿಮೆ. 1955ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೇ ಹೃದಯಾಘಾತವಾಯಿತು. ಅವರು ಮತ್ತೆ ಗಾಲ್ಫ್ ಆಡಿದ್ದನ್ನೂ, ಮರುವರ್ಷ ಚುನಾವಣೆ ಗೆದ್ದದ್ದನ್ನೂ ಜಗತ್ತೇ ನೋಡಿತು. 1960ರ ದಶಕದಲ್ಲಿ ಡಲ್ಲಾಸ್‌ನಲ್ಲಿ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಮಲಗಿಸಿಟ್ಟು ಪರೀಕ್ಷಿಸಿದರು. ಅವರನ್ನೇ 30 ವರ್ಷದ ನಂತರ ಹುಡುಕಿ ಅಳೆದಾಗ ಗೊತ್ತಾಯಿತು: ದೇಹದ ಕಸುವನ್ನು ಮೂವತ್ತು ವರ್ಷದ ವಯಸ್ಸಿಗಿಂತ ಆ ಮೂರು ವಾರದ ಹಾಸಿಗೆಯೇ ಹೆಚ್ಚು ಕಿತ್ತುಕೊಂಡಿತ್ತು.

ಇನ್ನುಳಿದದ್ದು ವ್ಯಾಯಾಮದ ಪ್ರಮಾಣದ ಪ್ರಶ್ನೆ. ಸಿಯಾಟಲ್‌ನ ರಾಬರ್ಟ್ ಬ್ರೂಸ್ ಟ್ರೆಡ್‌ಮಿಲ್ಲಿನ ಏರು ಮತ್ತು ವೇಗವನ್ನು ಮೂರು ನಿಮಿಷಕ್ಕೊಮ್ಮೆ ಹೆಚ್ಚಿಸುತ್ತ ಹೋಗುವ ಕ್ರಮ ರೂಪಿಸಿದರು. ನಮ್ಮ ಆಸ್ಪತ್ರೆಗಳ ‘ಟಿಎಂಟಿ’ ಬಹುಮಟ್ಟಿಗೆ ಅದೇ. ಇಸಿಜಿ ನೋಡಿಕೊಂಡು, ಯಾರಿಗೆ ಎಷ್ಟು ನಡಿಗೆ ಎಂದು ಔಷಧಿಯಂತೆ ಬರೆದುಕೊಡಲು ಸಾಧ್ಯವಾಯಿತು. ಹೃದಯ ವೈಫಲ್ಯದ ರೋಗಿಗಳಿಗೆ ಮಾತ್ರ ವ್ಯಾಯಾಮ 1980ರ ದಶಕದವರೆಗೂ ನಿಷಿದ್ಧವೇ ಆಗಿತ್ತು.

ಭಾರತದಲ್ಲಿ ಅಡ್ಡಿ ಬೇರೆ: ಹೃದಯಾಘಾತದ ನಂತರ ವ್ಯಾಯಾಮದ ತರಬೇತಿ ಕೊಡುವ ಕೇಂದ್ರಗಳೇ ವಿರಳ. ಕಡಿಮೆ ಖರ್ಚಿನ ದಾರಿ ಹುಡುಕಿ, ‘ಯೋಗ-ಕೇರ್’ ಎಂಬ ಪ್ರಯೋಗ 24 ಆಸ್ಪತ್ರೆಗಳ 3,959 ರೋಗಿಗಳ ಮೇಲೆ ಯೋಗಾಧಾರಿತ ಪುನಶ್ಚೇತನವನ್ನು ಪರೀಕ್ಷಿಸಿತು. 2020ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಸಾವು ಮತ್ತು ಮರು ಆಘಾತ ತಗ್ಗಿತೆಂದು ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಕಾಣಲಿಲ್ಲ. ಆದರೆ ಯೋಗ ಕಲಿತವರು ಆಘಾತಕ್ಕೆ ಮುಂಚಿನ ದಿನನಿತ್ಯದ ಕೆಲಸಗಳಿಗೆ ಹೆಚ್ಚು ಚೆನ್ನಾಗಿ ಮರಳಿದ್ದರು.